ಎವಿಡೆನ್ಸು ಮತ್ತು ಹಿತ್ತಲ ಬಾವಿ

ಚನ್ನರಾಯಪಟ್ಟಣದ ಬಸದಿ ಬೀದಿಯಲ್ಲಿ ಕೊಬ್ಬರಿ ವ್ಯಾಪಾರದ ನೇಮಿರಾಜಯ್ಯನವರನ್ನು ಅರಿಯದವರಿರಲಿಲ್ಲ. ಅವರ ಹೆಂಡತಿ ಚಕ್ರೇಶ್ವರಿ ನೋಡಲು ಹೇಗಿದ್ದಾಳೆಂದು ಕೇಳಿದರೆ ಮಾತ್ರ ಆ ಬೀದಿಯ ಗಂಡಸರು ಕೊಂಚ ಯೋಚಿಸಬೇಕಾಗುತ್ತಿತ್ತು. ಅವಳು ಮಾಡಿದ ಹುಳಿ ನೆನಪಿತ್ತು, ಕಡುಬು ನೆನಪಿತ್ತು, ಬಡಿಸುವಾಗಿನ ಬಳೆಯ ಸದ್ದೂ ನೆನಪಿತ್ತು. ಮುಖ ನೆನಪಿರಲಿಲ್ಲ. ಇದನ್ನು ಅವರು ಅವಳ ಗುಣವೆಂದೇ ಹೊಗಳುತ್ತಿದ್ದರು.

ಅವಳ ತವರು ಅರಕಲಗೂಡು. ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆಯೇ ಅತ್ತೆ ಅವಳನ್ನು ಹಿತ್ತಲ ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ ಹಗ್ಗ ಕೈಗೆ ಕೊಟ್ಟಿದ್ದರು. ಕಲ್ಲು ಕಟ್ಟಿದ ಆಳದ ಬಾವಿ. ಬೇಸಿಗೆಯಲ್ಲಿ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಿದರೇ ನೀರು ಸಿಕ್ಕುವುದು.

"ಸೇದೋದು ನಿಮ್ಮ ಅರಕಲಗೂಡಲ್ಲೂ ಸೇದಿರ್ತೀಯ ಬಿಡು," ಎಂದಿದ್ದರು ಅತ್ತೆ. "ನಮ್ಮನೇಲಿ ಅದು ಅರ್ಧ ಕೆಲಸ. ಇನ್ನರ್ಧ ನೋಡ್ಕೊ."

ಇನ್ನರ್ಧ ಹೀಗಿತ್ತು. ಬಿಂದಿಗೆಯ ಬಾಯಿಗೆ ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹಾಕಿ ನೀರು ಸೋಸಬೇಕು. ಸೋಸದ ನೀರು ಅಡಿಗೆಮನೆಯ ಹೊಸಿಲು ದಾಟುವ ಹಾಗಿಲ್ಲ. ಸೋಸಿಟ್ಟ ನೀರನ್ನೂ ಹೊತ್ತು ಕಳೆದ ಮೇಲೆ ಮತ್ತೆ ಸೋಸಬೇಕು. ಜೈನರ ಮನೆಯಲ್ಲಿ ಇದು ಹೊಸದಲ್ಲ. ಆದರೆ ಚಕ್ರೇಶ್ವರಿಯ ತವರಿನಲ್ಲಿ ಬಟ್ಟೆ ಒದರಿ ಗಿಡದ ಬುಡಕ್ಕೆ ಹಿಂಡಿದರೆ ಕೆಲಸ ಮುಗಿಯುತ್ತಿತ್ತು. ಇಲ್ಲಿ ಹಾಗಲ್ಲ. ಬಟ್ಟೆಯಲ್ಲಿ ಸಿಕ್ಕಿಕೊಂಡ, ಕಣ್ಣಿಗೆ ಕಾಣದ ಜೀವಗಳು ಎಲ್ಲಿಂದ ಬಂದವೋ ಅಲ್ಲಿಗೇ ಹೋಗಿ ಸೇರಬೇಕು. ಬಟ್ಟೆಯನ್ನು ತಿರುವಿ, ಸೋಸಿದ ನೀರಿನಲ್ಲೇ ಜಾಲಿಸಿ, ಆ ನೀರನ್ನು ಒಂದು ಪುಟ್ಟ ಹಿತ್ತಾಳೆ ಚಂಬಿಗೆ ಹಿಡಿಯಬೇಕು. ಚಂಬಿನ ತಳದಲ್ಲೊಂದು ಕೊಂಡಿ, ಅದಕ್ಕೊಂದು ತೆಳು ದಾರ. ಚಂಬನ್ನು ನಿಧಾನವಾಗಿ ನೀರು ಮುಟ್ಟುವ ತನಕ ಇಳಿಬಿಟ್ಟು, ತಳದ ದಾರ ಎಳೆದರೆ ಅದು ಮೆಲ್ಲಗೆ ಮಗುಚಿಕೊಳ್ಳುತ್ತದೆ. ಮೇಲಿಂದ ಸುರಿದರೆ ಜೀವಕ್ಕೆ ಪೆಟ್ಟಾಗುತ್ತದೆ, ಅದಕ್ಕೆ. ಮನೆಯಲ್ಲಿ ಅದನ್ನು ಜೀವದ ಚಂಬು ಅನ್ನುತ್ತಿದ್ದರು.

ಈ ಕಣ್ಣಿಗೆ ಕಾಣದ ಜೀವಗಳ ವಿಷಯದಲ್ಲಿ ಆ ಮನೆಯ ಗಂಡಸರಿಗೆ ಅಪಾರ ಕರುಣೆಯಿತ್ತು. ಅವು ಇವೆಯೆಂದು ನಂಬಲು ಅವರಿಗೆ ಯಾರ ಸಾಕ್ಷಿಯೂ ಬೇಕಿರಲಿಲ್ಲ.

ಚಕ್ರೇಶ್ವರಿ ಬಂದ ಐದಾರು ವರ್ಷಕ್ಕೆ ಅಣ್ಣತಮ್ಮಂದಿರು ಪಾಲಾದರು. ಅಣ್ಣ ನೇಮಿರಾಜಯ್ಯನವರಿಗೆ ಕೊಬ್ಬರಿ ಮಂಡಿ, ತಮ್ಮ ಜಿನ್ನಪ್ಪನಿಗೆ ಪಾತ್ರೆ ಅಂಗಡಿ. ಮನೆಯ ನಡುವೆ ಗೋಡೆ ಎದ್ದಿತು. ಪಾಲು ಮಾಡಲು ಕೂತ ಪಂಚಾಯಿತರು ತೊಲೆ ತೊಟ್ಟಿಲು ಸಮೇತ ಎಲ್ಲವನ್ನೂ ಹಂಚಿದರು, ಬಾವಿಯ ಮಾತು ಮಾತ್ರ ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಗಂಡಸರು, ಅವರ ಮಟ್ಟಿಗೆ ನೀರು ಹುಟ್ಟುತ್ತಿದ್ದದ್ದು ಬಚ್ಚಲ ಹಂಡೆಯಲ್ಲಿ. ಗೋಡೆ ಮೇಲೆದ್ದ ಮೇಲೆ ನೋಡಿದರೆ ಬಾವಿ ಜಿನ್ನಪ್ಪನ ಕಡೆ ಉಳಿದಿತ್ತು.

ಅತ್ತೆ ಯಾರನ್ನೂ ಕೇಳಲಿಲ್ಲ. ಗಾರೆಯವನನ್ನು ಕರೆದು ಹಿತ್ತಲ ಗೋಡೆಯಲ್ಲಿ ಒಂದಾಳು ಹಿಡಿಯುವಷ್ಟು ಬಾಗಿಲು ಬಿಡಿಸಿದರು. ಒಲೆ ಎರಡಾದ ಮೇಲೆ ಒಬ್ಬರ ಮನೆಯ ಜೀವವನ್ನು ಇನ್ನೊಬ್ಬರು ಬಾವಿಗೆ ಬಿಡುವುದು ಸರಿಯಲ್ಲವೆಂದು, ಜಿನ್ನಪ್ಪನ ಅಂಗಡಿಯಿಂದಲೇ ಎರಡು ಚಂಬು ತರಿಸಿದರು. ಬಾವಿಯ ಒಳಗೋಡೆಯಲ್ಲಿ ಎರಡು ಕಬ್ಬಿಣದ ಕೊಕ್ಕೆ ನೆಡಿಸಿ, ಸೀಸ ಹುಯ್ಯಿಸಿ, ಒಂದಕ್ಕೆ ಹಿರಿಯ ಸೊಸೆಯ ಚಂಬು, ಇನ್ನೊಂದಕ್ಕೆ ಕಿರಿಯವಳ ಚಂಬು ತೂಗು ಹಾಕಿದರು. ಮನೆ ಪಾಲಾದದ್ದು ಗಂಡಸರಿಂದ, ಬಾವಿ ಪಾಲಾಗದೆ ಉಳಿದದ್ದು ಅತ್ತೆಯಿಂದ.

ಅಲ್ಲಿಂದ ಮುಂದೆ ಚಕ್ರೇಶ್ವರಿಯ ಬದುಕು ಆ ಬಾಗಿಲಿನ ಆಚೆ ಈಚೆ ನಡೆಯಿತು. ಬೆಳಿಗ್ಗೆ ಸ್ನಾನದ ನೀರು, ಆಮೇಲೆ ಅಡಿಗೆಯ ನೀರು, ಆಮೇಲೆ ಎಮ್ಮೆಯ ನೀರು. ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕಾದ ಮನೆಯಾದ್ದರಿಂದ ಮಧ್ಯಾಹ್ನದ ಪಾತ್ರೆ ತೊಳೆದ ಕೈಯಲ್ಲೇ ಸಂಜೆಯ ಒಲೆಗೆ ಮತ್ತೆ ನೀರು. ಅತ್ತೆ ತೀರಿಕೊಂಡರು, ಹೆಣ್ಣುಮಕ್ಕಳಿಬ್ಬರು ಹೊಳೆನರಸೀಪುರಕ್ಕೆ ಮದುವೆಯಾಗಿ ಹೋದರು, ರಾಟೆ ಸವೆದು ಹೊಸ ರಾಟೆ ಬಂತು. ವಾರಗಿತ್ತಿ ಅನಂತಮತಿ ಆಚೆಯಿಂದ, ಇವಳು ಈಚೆಯಿಂದ ಬಂದು ಕಟ್ಟೆಯ ಮೇಲೆ ಸೇರಿದಾಗ ಮಾತು, ನಗು. ಒಬ್ಬಳಿಗೆ ಬೆನ್ನು ನೋವಾದ ದಿನ ಇನ್ನೊಬ್ಬಳು ಎರಡು ಬಿಂದಿಗೆ ಹೆಚ್ಚು ಸೇದುವಳು. ಚಂಬು ಮಾತ್ರ ಅವರವರದ್ದೇ.

ಮೂವತ್ತೆಂಟನೇ ಇಸವಿಯಲ್ಲಿ ಗಂಡಸರಿಗೆ ನೀರಿನ ವಿಷಯಕ್ಕೆ ಜಗಳವಾಯಿತು. ಬಾವಿಯ ನೀರಿನ ವಿಷಯಕ್ಕಲ್ಲ. ಬಸದಿಯಲ್ಲಿ ಅಭಿಷೇಕವಾದ ಮೇಲೆ ಗಂಧೋದಕವನ್ನು ಮೊದಲು ಯಾರು ತಲೆಗೆ ಹಚ್ಚಿಕೊಳ್ಳಬೇಕು ಅನ್ನುವ ವಿಷಯಕ್ಕೆ. ನೇಮಿರಾಜಯ್ಯನವರು ವಯಸ್ಸಿನಲ್ಲಿ ಹಿರಿಯರು, ಜಿನ್ನಪ್ಪ ಆ ವರ್ಷ ಬಸದಿಯ ಆಡಳಿತಗಾರ. ಇಬ್ಬರ ಕೈಯೂ ಒಟ್ಟಿಗೇ ಬಟ್ಟಲಿಗೆ ಹೋಗಿ ಬಟ್ಟಲು ಉರುಳಿತು. ಆ ಸಂಜೆ ಜಿನ್ನಪ್ಪ ಬಡಗಿಯನ್ನು ಕರೆಸಿ ಹಿತ್ತಲ ಬಾಗಿಲಿಗೆ ತನ್ನ ಕಡೆಯಿಂದ ಚಿಲಕ ಹೊಡೆಸಿ ಬೀಗ ಹಾಕಿಸಿದ. ತಾನು ಹಿತ್ತಲಿಗೆ ಹೋಗಲಿಲ್ಲ, ಪಡಸಾಲೆಯಲ್ಲಿ ಕೂತೇ ಅಪ್ಪಣೆ ಕೊಟ್ಟ.

ಆದರೆ ಅವನು ಕಟುಕನಲ್ಲ. "ಅತ್ತಿಗೆಗೆ ತೊಂದರೆ ಆಗಬಾರ್ದು. ನಮ್ಮ ಮನೆಯಿಂದ ದಿನಾ ಎರಡು ಬಿಂದಿಗೆ ಕಳಿಸಿಕೊಡ್ತೀನಿ," ಎಂದು ಬೀದಿಯಲ್ಲಿ ನಾಲ್ಕು ಜನರ ಮುಂದೆ ಹೇಳಿದ. ಬೀದಿ ಮೆಚ್ಚಿತು. ಆ ಎರಡು ಬಿಂದಿಗೆಯನ್ನು ಸೇದುವವಳು ಅನಂತಮತಿ. ಜಿನ್ನಪ್ಪನ ಔದಾರ್ಯವೆಲ್ಲ ಅವಳ ರಟ್ಟೆಯಲ್ಲಿತ್ತು.

ಎರಡು ಬಿಂದಿಗೆಯಿಂದ ಏನಾಗಬೇಕು? ಅದಿರಲಿ, ಆ ನೀರನ್ನು ಮತ್ತೆ ಸೋಸಿದರೆ ಬಟ್ಟೆಯಲ್ಲಿ ಉಳಿದದ್ದನ್ನು ಬಿಡುವುದೆಲ್ಲಿ? ಬಾವಿ ಬೀಗದ ಆಚೆ, ಚಂಬು ಬೀಗದ ಆಚೆ. ಚಕ್ರೇಶ್ವರಿ ಮೊದಲ ದಿನವೇ ಬಿಂದಿಗೆಗಳನ್ನು ಹಿಂದಕ್ಕೆ ಕಳಿಸಿ, ಕೆರೆಯ ದಾರಿಯ ಊರ ಬಾವಿಗೆ ಹೊರಟಳು. ತಂದ ನೀರು ಮನೆಯಲ್ಲಿ ಮತ್ತೆ ಸೋಸಿದಾಗಲೆಲ್ಲ ಜಾಲಿಸಿದ ನೀರನ್ನು ಹಿಡಿದುಕೊಂಡು ಮತ್ತೆ ಅಲ್ಲಿಗೇ ಹೋಗಬೇಕು. ಜೀವವನ್ನು ಬೇರೆ ಬಾವಿಗೆ ಬಿಟ್ಟರೆ ಅದು ದಾರಿ ತಪ್ಪಿದ ಹಾಗೆ. ಹೋಗುವಾಗಲೂ ಕೈಯಲ್ಲಿ ನೀರು, ಬರುವಾಗಲೂ ಕೈಯಲ್ಲಿ ನೀರು. ಐವತ್ತರ ಹತ್ತಿರದ ಮೊಣಕಾಲು ಮೊದಲ ತಿಂಗಳಿನಲ್ಲೇ ಊದಿಕೊಂಡಿತು.

ಪಕ್ಕದ ಮನೆಯ ಬಸವಲಿಂಗಮ್ಮ, ನಿವೃತ್ತ ಮೇಷ್ಟ್ರು ಪಂಚಾಕ್ಷರಯ್ಯನವರ ಹೆಂಡತಿ, ನುಗ್ಗೇಹಳ್ಳಿ ಕಡೆಯವಳು. ದಿನಾ ಇದನ್ನು ನೋಡಿ ಒಂದು ದಿನ ತಡೆದು ಕೇಳಿಯೇಬಿಟ್ಟಳು.

"ಅಲ್ಲ ಕಣವ್ವಾ ಚಕ್ರಮ್ಮ, ಆ ನೀರ ಹುಳ ನಿನ್ನ ಮೊಣಕಾಲ್ಗಿಂತ ದೊಡ್ಡದಾ?"

"ಹುಳ ಸಣ್ಣದೇ ಬಸವಲಿಂಗಮ್ಮ. ಅದಕ್ಕೇ ನಾನು ಹೊತ್ಕೊಂಡು ಹೋಗೋದು. ದೊಡ್ಡದಾಗಿದ್ರೆ ಅದೇ ನಡ್ಕೊಂಡು ಹೋಗೋದು."

"ನಿಮ್ಮ ಯಜಮಾನ್ರು ಏನೂ ಅನ್ನಾಕಿಲ್ವ?"

"ಅವರಿಗೆ ಗೊತ್ತಾಗಬೇಕಲ್ಲ."

ನಿಜ. ಬಾವಿಗೆ ಬೀಗ ಬಿದ್ದರೂ ನೇಮಿರಾಜಯ್ಯನವರ ಹಂಡೆಯಲ್ಲಿ ನೀರು ಒಂದು ಚಂಬೂ ಕಡಿಮೆಯಾಗಿರಲಿಲ್ಲ. ವಿಷಯ ಅವರಿಗೆ ತಲುಪಿದ್ದು ಕೊಬ್ಬರಿ ಮಂಡಿಯಲ್ಲಿ, ಯಾರೋ "ತಮ್ಮ ನಿಮಗೆ ದಿನಾ ಎರಡು ಬಿಂದಿಗೆ ನೀರು ದಾನ ಕೊಡ್ತಾನಂತೆ" ಎಂದು ನಕ್ಕಾಗ. ದಾನ ಎಂಬ ಮಾತು ಕೇಳಿ ಅವರ ಮೈ ಉರಿಯಿತು. ಮನೆಗೆ ಬಂದವರೇ ಅಂಗಿಯನ್ನೂ ಬಿಚ್ಚದೆ ಕೂಗಾಡಿದರು.

"ನನಗೇ ಹೇಳ್ಲಿಲ್ವಲ್ಲ ನೀನು!"

"ಊರ ಬಾವಿಯಿಂದ ತರ್ತಾ ಇದ್ದೀನಿ ಅಂತ ಎರಡು ಸಲ ಹೇಳಿದೆ. 'ಹೂಂ' ಅಂದ್ರಿ."

"ನೀರಿನ ಮಾತು ಯಾರು ಕೇಳಿದ್ರು? ಬೀಗದ ಮಾತು ಹೇಳಬೇಕು!"

ವ್ಯಾಜ್ಯ ಹೂಡುವುದೆಂದು ತೀರ್ಮಾನವಾಯಿತು. ಹಾಸನದಲ್ಲಿ ಗಂಗಾಧರಯ್ಯ ಎಂಬ ವಕೀಲರಿದ್ದರು. ಚಕ್ರೇಶ್ವರಿಯ ಮೊಣಕಾಲನ್ನೂ ಆಸ್ಪತ್ರೆಯಲ್ಲಿ ತೋರಿಸಿದ ಹಾಗಾಗುತ್ತದೆಂದು ಇಬ್ಬರೂ ಬಸ್ಸು ಹತ್ತಿದರು. ಮೊದಲು ವಕೀಲರ ಮನೆ, ಸಮಯ ಉಳಿದರೆ ಮೊಣಕಾಲು.

ಗಂಗಾಧರಯ್ಯನವರು ಒಳ್ಳೆಯ ವಕೀಲರು, ಅದಕ್ಕಿಂತ ಒಳ್ಳೆಯ ಮಾತುಗಾರರು. ಮೇಜಿನ ಮೇಲೆ ತಲೆದಿಂಬಿನಷ್ಟು ದಪ್ಪದ ಇಂಗ್ಲಿಷ್ ನಿಘಂಟು. ಕಕ್ಷಿಗಾರ ತನ್ನ ಕಷ್ಟ ಹೇಳಿ ಮುಗಿಸುವಷ್ಟರಲ್ಲಿ ಅದರೊಳಗಿನ ಒಂದು ಮಾತನ್ನು ಹಿಡಿದು ಅದರ ಹುಟ್ಟಿದ ಊರಿನ ತನಕ ಹೋಗಿ ಬರುತ್ತಿದ್ದರು. ನೇಮಿರಾಜಯ್ಯನವರು ಕುರ್ಚಿಯಲ್ಲಿ ಕೂತರು. ಚಕ್ರೇಶ್ವರಿಗೆ ಒಳಬಾಗಿಲ ಪಕ್ಕದಲ್ಲಿ ಚಾಪೆ.

"ಇಪ್ಪತ್ತು ವರ್ಷ ತಡೆಯಿಲ್ಲದೆ, ಕದ್ದುಮುಚ್ಚಿ ಅಲ್ಲ, ಅಪ್ಪಣೆ ಬೇಡಿ ಅಲ್ಲ, ಹಕ್ಕು ಅಂತಲೇ ಬಳಸಿರಬೇಕು ಸ್ವಾಮಿ. ಅಷ್ಟಿದ್ರೆ ಬಾವಿ ಅವನ ನೆಲದಲ್ಲಿದ್ರೂ ನೀರು ನಿಮಗೂ ಸೇರ್ತದೆ. ಆದ್ರೆ ಎವಿಡೆನ್ಸ್ ಬೇಕು."

"ಅಂದ್ರೆ ಸಾಕ್ಷಿ."

"ಸಾಕ್ಷಿ ಅಂತ ನಾವು ಸುಲಭವಾಗಿ ಅಂದ್ಬಿಡ್ತೀವಿ. ಆ ಮಾತು ಎಲ್ಲಿಂದ ಬಂತು ಗೊತ್ತೋ?" ವಕೀಲರು ಕನ್ನಡಕ ಒರೆಸಿಕೊಂಡರು. "ಇಂಗ್ಲಿಷಿನವರು ಫ್ರಾನ್ಸಿನವರಿಂದ ತಗೊಂಡ್ರು, ಅವರು ಲ್ಯಾಟಿನ್ನಿಂದ. 'ಎ' ಅಂದ್ರೆ ಹೊರಗೆ, 'ವಿಡೇರೆ' ಅಂದ್ರೆ ನೋಡೋದು. ನಮ್ಮ ಸಂಸ್ಕೃತದ 'ವಿದ್' ಅನ್ನೋ ಧಾತುವಿಗೆ ಅದು ದಾಯಾದಿ. ದಾಯಾದಿಗಳು ಅಂದ್ರೆ ನಿಮಗೆ ಗೊತ್ತೇ ಇದೆ! ಹೊರಗೆ ಎದ್ದು ಕಾಣೋದು, ಅದು ಎವಿಡೆನ್ಸ್. ರೋಮಿನಲ್ಲಿ ಒಬ್ಬ ವಕೀಲನೇ ಆ ಮಾತು ಹುಟ್ಟಿಸಿದ್ದಂತೆ, ಗ್ರೀಕರ ಮಾತೊಂದಕ್ಕೆ ಸಮನಾಗಿ. ತಮಾಷೆ ನೋಡಿ, ಮೊದಲು ಅದರ ಅರ್ಥ ಏನಿತ್ತು ಅಂದ್ರೆ, ಕಣ್ಣಿಗೆ ರಾಚೋ ಹಾಗೆ ಸ್ಪಷ್ಟವಾಗಿರೋದು, ಯಾವ ರುಜುವಾತೂ ಬೇಡದ್ದು. ಬರ್ತಾ ಬರ್ತಾ ರುಜುವಾತಿಗೆ ತಂದು ಒಪ್ಪಿಸೋ ಸಾಮಾನಿಗೇ ಆ ಹೆಸರು ಬಂತು!"

ನೇಮಿರಾಜಯ್ಯನವರಿಗೆ ತಮ್ಮ ವ್ಯಾಜ್ಯ ರೋಮಿನ ತನಕ ಹೋದದ್ದು ಹಿತವಾಯಿತು. ಒಳಬಾಗಿಲ ಪಕ್ಕದಲ್ಲಿ ಚಕ್ರೇಶ್ವರಿ ಈ ಮಾತನ್ನು ಮನಸ್ಸಿನಲ್ಲಿ ತಿರುವಿ ನೋಡುತ್ತಿದ್ದಳು. ಯಾವ ರುಜುವಾತೂ ಬೇಡದ ಹಾಗೆ ಸ್ಪಷ್ಟವಾಗಿರುವುದು. ಬೆಳಗಾದರೆ ತಾನು ನೀರು ಸೇದುತ್ತಿದ್ದದ್ದು ಅಂಥದ್ದೇ ಅಲ್ಲವೇ? ಅವಳು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು.

"ಅಷ್ಟು ವರ್ಷ ಸೇದಿದ್ದು ನಾನು. ನಾನೇ ಬಂದು ಹೇಳ್ಲಾ?"

ಗಂಡಸರಿಬ್ಬರೂ ನಕ್ಕರು.

"ಮಾನಸ್ಥರ ಮನೆ, ತಾಯಿ," ಎಂದರು ವಕೀಲರು, "ನಿಮ್ಮನ್ನ ಕಟಕಟೆ ಹತ್ತಿಸೋಕೆ ಆಗ್ತದ? ವಾದಿ ನಿಮ್ಮ ಯಜಮಾನರು. ಬೀದಿಯ ದೊಡ್ಡ ಮನುಷ್ಯರು ನಾಲ್ವರು ಬಂದು ಹೇಳ್ತಾರೆ."

"ನನ್ನ ಚಂಬೂ ಆ ಬಾವಿಯಲ್ಲೇ ಇದೆ. ಅದನ್ನಾದ್ರೂ ಕೊಡಿಸಿ ಅಂತ..."

"ಲೇ, ಕೋರ್ಟಿನ ಮಾತಾಡೋವಾಗ ಚಂಬಿನ ಮಾತು ತರಬೇಡ," ಎಂದರು ನೇಮಿರಾಜಯ್ಯ. "ಹೊಸದು ಕೊಡಿಸ್ತೀನಿ, ಬಿಡು."

ಸಮಯ ಉಳಿಯಲಿಲ್ಲ. ಮೊಣಕಾಲು ಊದಿಕೊಂಡೇ ಚನ್ನರಾಯಪಟ್ಟಣಕ್ಕೆ ವಾಪಸ್ಸು ಬಂತು.

ವಿಚಾರಣೆಯ ದಿನ ಬೀದಿಯ ದೊಡ್ಡ ಮನುಷ್ಯರು ಜರಿ ರುಮಾಲು ಸುತ್ತಿಕೊಂಡು ಬಸ್ಸಿನಲ್ಲಿ ಹೋದರು. ಅವರಲ್ಲಿ ಮುಖ್ಯ ಸಾಕ್ಷಿ ಬಸವಲಿಂಗಮ್ಮನ ಗಂಡ, ಪಂಚಾಕ್ಷರಯ್ಯ ಮೇಷ್ಟ್ರು. ಸಂಜೆ ಅವರು ತಿರುಗಿ ಬಂದ ಮೇಲೆ ಬಸವಲಿಂಗಮ್ಮ ಹಿತ್ತಲ ಗೋಡೆಯ ಹತ್ತಿರ ಬಂದು ನಿಂತಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದರೂ ನಗು ಹೊರಗೆ ಬರುತ್ತಿತ್ತು.

"ಏನಾಯ್ತು ಹೇಳಬಾರದಾ?"

"ಏನಾಯ್ತು ಅಂತೀಯ! ಜಿನ್ನಪ್ಪನ ಕಡೆ ವಕೀಲ ಕೇಳುದ್ನಂತೆ. 'ಮೇಷ್ಟ್ರೇ, ಈ ಬಾವೀಲಿ ವಾದಿ ಮನೆಯೋರು ನೀರು ಸೇದದ ನೀವು ಕಣ್ಣಾರೆ ಕಂಡಿದ್ದೀರೋ?' ನಮ್ಮನೆಯೋರು ಎದೆ ಮುಂದ್ಮಾಡಿ, 'ಇದೇನು ಸ್ವಾಮಿ, ಗಂಡಸಾದೋನು ಇನ್ನೊಬ್ರ ಹಿತ್ಲಿಗೆ ಓಗಿ ಬಾವಿ ತಾವ ನಿಂತ್ಕತಾನಾ? ನಾನು ಮರ್ಯಾದಸ್ಥ!' ಅಂದ್ಬುಟ್ರಂತೆ."

"ಅಯ್ಯೋ!"

"ಕೇಳು, ಇನ್ನೂ ಐತೆ. 'ಅಂಗಾದ್ರೆ ಬಾವಿ ಎಲ್ಲೈತೆ ಅಂತಾದ್ರೂ ಗೊತ್ತಾ?' ಅಂದ್ರೆ, 'ಹಿತ್ಲಲ್ಲೇ ಇರಬೇಕು, ಬಾವಿ ಇನ್ನೆಲ್ಲಿರ್ತದೆ' ಅಂದ್ರಂತೆ. 'ರಾಟೆ ಐತೋ, ಬರೀ ಹಗ್ಗವೋ?' 'ಅದನ್ನ ಎಂಗುಸ್ರನ್ನ ಕೇಳಬೇಕು ಸ್ವಾಮಿ.' ಮುನ್ಸೀಫರು ಕರ್ಚೀಪು ಅಡ್ಡ ಇಟ್ಕಂಡು ನಕ್ರಂತೆ ಕಣವ್ವ."

"ಇನ್ನುಳಿದ ಮೂವರು?"

"ಅವ್ರೂ ಮರ್ಯಾದಸ್ಥರೇ!"

ಚಕ್ರೇಶ್ವರಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಬಸವಲಿಂಗಮ್ಮ ದಿನಕ್ಕೆ ಐದು ಸಲ ಈ ಗೋಡೆಯ ಮೇಲಿಂದ ಅವಳು ಸೇದುವುದನ್ನು ನೋಡಿದವಳು, ನಿಂತು ಮಾತಾಡಿಸಿದವಳು. ಅವಳನ್ನು ಯಾರೂ ಕರೆದಿರಲಿಲ್ಲ. ನೋಡಿದವರನ್ನು ಕರೆಯುವ ಹಾಗಿಲ್ಲ, ಕರೆದವರು ನೋಡಿಲ್ಲ. ಈ ಮಾತಿಗೆ ರೋಮಿನವರು ಏನು ಹೆಸರಿಟ್ಟಿದ್ದರೋ.

ಜಿನ್ನಪ್ಪ ಕೋರ್ಟಿನಲ್ಲಿ ಸಲೀಸಾಗಿ ಹೇಳಿದ್ದ: ಆ ಬಾಗಿಲು ಗೊಬ್ಬರ ಸಾಗಿಸಲು ಬಿಟ್ಟದ್ದು, ಅಣ್ಣನ ಮನೆಯವರು ಎಂದಾದರೂ ಅಗತ್ಯ ಬಿದ್ದರೆ ನನ್ನ ಅಪ್ಪಣೆ ಕೇಳಿ ಒಂದೆರಡು ಬಿಂದಿಗೆ ತಗೊಂಡು ಹೋಗುತ್ತಿದ್ದರು, ನಾನು ಕೊಡುತ್ತಿದ್ದೆ. ಅವನು ಹಸಿ ಸುಳ್ಳು ಹೇಳಿದನೆಂದೂ ಹೇಳಲಾಗುವುದಿಲ್ಲ. ತನ್ನ ಹಿತ್ತಲಲ್ಲಿ ಏನು ನಡೆಯುತ್ತಿತ್ತೆಂದು ಅವನಿಗೂ ಗೊತ್ತಿರಲಿಲ್ಲ.

ಹೀಗೆ ಒಂದು ಬಾವಿಯ ಬಗ್ಗೆ ಅದನ್ನು ಸರಿಯಾಗಿ ನೋಡದ ಗಂಡಸರೆಲ್ಲ ಮಾತಾಡಿ ಮುಗಿಸಿದ ಮೇಲೆ, ಮುನ್ಸೀಫರು ಸ್ಥಳ ನೋಡಿ ವರದಿ ಒಪ್ಪಿಸಲು ಷಡಕ್ಷರಿ ಎಂಬ ಕಿರಿಯ ವಕೀಲರನ್ನು ಕಮಿಷನರಾಗಿ ನೇಮಿಸಿದರು. ಅದೂ ಸೋತರೆ ವ್ಯಾಜ್ಯ ಮುಗಿದ ಹಾಗೆ ಎಂದು ಗಂಗಾಧರಯ್ಯನವರು ಹೇಳಿ ಕಳಿಸಿದರು. ಸೋತರೆ ನೇಮಿರಾಜಯ್ಯನವರಿಗೆ ಹೋಗುವುದು ಮಾನ. ಚಕ್ರೇಶ್ವರಿಗೆ ಉಳಿಯುವುದು ಊರ ಬಾವಿಯ ದಾರಿ, ಮೊಣಕಾಲು ಇರುವ ತನಕ. ಆ ವಾರ ಅವಳು ಎರಡು ಸಲ ದಾರಿಯಲ್ಲಿ ಬಿಂದಿಗೆ ಇಳಿಸಿ ಯಾರದೋ ಜಗಲಿಯ ಮೇಲೆ ಕೂತಿದ್ದಳು.

ಷಡಕ್ಷರಿ ಬಂದದ್ದು ಸುಡುಬಿಸಿಲಿನಲ್ಲಿ. ಇಬ್ಬರು ಅಣ್ಣತಮ್ಮಂದಿರೂ ಒಂದೊಂದು ಕಡೆ ನಿಂತರು, ಅವರ ವಕೀಲರು ಕೊಡೆ ಹಿಡಿದರು. ಎಷ್ಟೋ ತಿಂಗಳ ಮೇಲೆ ಹಿತ್ತಲ ಬಾಗಿಲಿನ ಬೀಗ ತೆರೆಯಿತು. ಚಕ್ರೇಶ್ವರಿ ಬಾಗಿಲವಾಡದ ಈಚೆ ನಿಂತು ನೋಡಿದಳು. ಕಟ್ಟೆಯ ಬದಿಯಲ್ಲಿ ಹುಲ್ಲು ಬೆಳೆದಿತ್ತು. ತಾನು ಕಾಲಿಡುತ್ತಿದ್ದ ಕಲ್ಲಿನ ಬಳಿ ಮಾತ್ರ ಬೆಳೆದಿತ್ತು. ಅನಂತಮತಿ ನಿಲ್ಲುವ ಕಡೆ ಕಲ್ಲು ಬೋಳಾಗಿಯೇ ಇತ್ತು.

ಷಡಕ್ಷರಿ ಟೇಪು ಹಿಡಿದು ಗೋಡೆ ಅಳೆದರು, ಬಾಗಿಲು ಅಳೆದರು. ಗಂಗಾಧರಯ್ಯನವರು ಕಟ್ಟೆಯ ಕಲ್ಲಿನ ಮೇಲೆ ಹಗ್ಗ ಉಜ್ಜಿದ ಗುರುತು ತೋರಿಸಿದರು. "ನಮ್ಮ ಮನೆಯ ಹಗ್ಗವೂ ಉಜ್ಜುತ್ತೆ ಸ್ವಾಮಿ, ಕಲ್ಲಿಗೆ ಯಾರ ಹಗ್ಗ ಅಂತ ಗೊತ್ತಾ?" ಎಂದ ಜಿನ್ನಪ್ಪ. ಷಡಕ್ಷರಿ ಅದನ್ನೂ ಬರೆದುಕೊಂಡರು. ಆಮೇಲೆ ಬೆವರು ಒರೆಸಿಕೊಂಡು, "ಒಂದು ಲೋಟ ನೀರು ಸಿಗಬಹುದೋ?" ಎಂದರು.

ಜಿನ್ನಪ್ಪ ಉದಾರವಾಗಿ ಒಳಗೆ ಕೂಗಿದ. ಅನಂತಮತಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದಳು. ಒಳಗೆ ಕೊಡದಲ್ಲಿ ಸೋಸಿಟ್ಟ ನೀರು ಇರಲೇಬೇಕು, ಇದು ಚಕ್ರೇಶ್ವರಿಗೆ ಗೊತ್ತು. ಆದರೆ ಅನಂತಮತಿ ಒಳಗಿನ ನೀರು ತರಲಿಲ್ಲ. ಎಲ್ಲರ ಎದುರಿಗೆ ಕಟ್ಟೆ ಹತ್ತಿ, ಹಗ್ಗ ಬಿಟ್ಟು, ಹೊಸ ನೀರು ಸೇದಿದಳು. ಸಾವಕಾಶವಾಗಿ ಬಟ್ಟೆ ಮಡಿಸಿ ಸೋಸಿದಳು. ಬೆಲ್ಲದ ಜೊತೆ ಲೋಟ ಕೊಟ್ಟಳು. ಷಡಕ್ಷರಿ ಕುಡಿಯುತ್ತಿರುವಾಗ ಬಟ್ಟೆ ತಿರುವಿ ಜಾಲಿಸಿ, ಬಾವಿಯೊಳಕ್ಕೆ ಬಗ್ಗಿ ಕೊಕ್ಕೆಯಿಂದ ಒಂದು ಚಂಬು ತೆಗೆದು, ನೀರು ಹಿಡಿದು ಇಳಿಬಿಟ್ಟಳು. ಕುತೂಹಲದಿಂದ ಷಡಕ್ಷರಿಯೂ ಬಗ್ಗಿ ನೋಡಿದರು.

"ಇದೇನು ತಾಯಿ?"

"ಸೋಸಿದ ಮೇಲೆ ಉಳಿದ ಜೀವಾನ ವಾಪಸ್ಸು ಬಿಡೋದು ಸ್ವಾಮಿ."

"ಸರಿ. ಅಲ್ಲಿ ಇನ್ನೊಂದು ಚಂಬು ತೂಗಾಡ್ತಿದೆಯಲ್ಲ?"

ಅನಂತಮತಿ ದಾರ ಎಳೆದು ಚಂಬು ಮಗುಚಿದ್ದನ್ನು ನೋಡಿಕೊಂಡೇ ಉತ್ತರ ಕೊಟ್ಟಳು. "ಅದು ಅಕ್ಕಂದು. ಪಾಲಾದಾಗ ಅತ್ತೆ ಹಾಕ್ಸಿದ್ದು. ಅವರ ಮನೆ ನೀರಿನದು ಅವರೇ ಬಿಡಬೇಕು, ನಾನು ಮುಟ್ಟಂಗಿಲ್ಲ. ಅದಕ್ಕೇ ಹಂಗೇ ಅದೆ."

ಗಂಗಾಧರಯ್ಯನವರು ಕೊಡೆ ಮಡಿಸಿದರು. ಷಡಕ್ಷರಿ ಕೈಚಾಚಿ ಆ ಚಂಬನ್ನು ತೆಗೆದು ಬಿಸಿಲಿಗೆ ಹಿಡಿದರು. ಹಿತ್ತಾಳೆ ಕಿಲುಬು ಹಿಡಿದಿತ್ತು. ಬಟ್ಟೆಯಿಂದ ಉಜ್ಜಿದಾಗ ಅಂಚಿನ ಕೆಳಗೆ ಕೆತ್ತಿದ ಅಕ್ಷರ ಮೂಡಿತು: 'ನೇಮಿರಾಜಯ್ಯ', ಪಕ್ಕದಲ್ಲಿ ಮನೆ ಪಾಲಾದ ಇಸವಿ.

"ಇದು ಯಾರ ಕೆತ್ತನೆ?" ಎಂದು ಕೇಳಿದರು.

ಜಿನ್ನಪ್ಪ ಚಂಬನ್ನು ತಿರುಗಿಸಿ ನೋಡಿದ. ಅವನಿಗೆ ತನ್ನ ಅಕ್ಷರದ ಗುರುತು ಸಿಗದೆ ಇರಲಿಲ್ಲ. ಅಂಗಡಿ ಹೊಸದರಲ್ಲಿ ಅವನೇ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದ. ಅವನ 'ಜ'ದ ಬಾಲ ಬೀದಿಗೆಲ್ಲ ಗೊತ್ತು. ಪಾತ್ರೆಗೆ ಯಜಮಾನನ ಹೆಸರು ಹಾಕುವುದು ಅಂಗಡಿಯ ಪದ್ಧತಿ.

"ನಂದೇ," ಎಂದ ಕೊನೆಗೆ. "ಅವ್ವ ಎರಡು ಚಂಬು ಕೊಡು ಅಂದ್ಲು, ಕೊಟ್ಟೆ. ಎಲ್ಲಿಗೆ ಅಂತ ನಾನು ಕೇಳ್ಲಿಲ್ಲ."

"ಅಪ್ಪಣೆ ಕೇಳಿ ಬರುವವರು ಇನ್ನೊಬ್ಬರ ಬಾವಿಯಲ್ಲಿ ಸೀಸ ಹುಯ್ದು ಕೊಕ್ಕೆ ನೆಡ್ತಾರೆಯೇ?" ಎಂದು ಗಂಗಾಧರಯ್ಯನವರು ಗುಡುಗಿದರು. ಚಂಬಿನ ವಿಷಯ ತಮಗೆ ಮೊದಲಿಂದಲೂ ಗೊತ್ತಿದ್ದ ಧ್ವನಿಯಲ್ಲಿ.

ಅನಂತಮತಿ ಲೋಟ ತೆಗೆದುಕೊಂಡು ಒಳಗೆ ಹೊರಟಳು. ಬಾಗಿಲವಾಡದಲ್ಲಿ ನಿಂತಿದ್ದ ಚಕ್ರೇಶ್ವರಿಯ ಕಡೆ ಒಂದು ಸಲ ನೋಡಿದಳು. ಮುಖದಲ್ಲಿ ಏನೂ ಇರಲಿಲ್ಲ. ಮಾನಸ್ಥರ ಮನೆಯ ಹೆಂಗಸಿನ ಮುಖ.

ನಲವತ್ತನೇ ಇಸವಿಯ ಆರಂಭದಲ್ಲಿ ತೀರ್ಪು ಬಂತು. ನೇಮಿರಾಜಯ್ಯನವರು ಹಾಸನದಿಂದ ಮೈಸೂರುಪಾಕಿನ ಪೊಟ್ಟಣ ತಂದು, ಪಡಸಾಲೆಯಲ್ಲಿ ನಿಂತು, ವಕೀಲರು ಕನ್ನಡದಲ್ಲಿ ಹೇಳಿಕೊಟ್ಟದ್ದನ್ನು ಒಪ್ಪಿಸಿದರು. ವಾದಿಯಾದ ನೇಮಿರಾಜಯ್ಯನು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು, ದಿನಂಪ್ರತಿ, ತಡೆಯಿಲ್ಲದೆ, ಹಕ್ಕಿನಿಂದ, ಸದರಿ ಬಾವಿಯಲ್ಲಿ ನೀರು ಸೇದುತ್ತ ಬಂದಿರುವುದು ರುಜುವಾತಾಗಿದೆ. ಅವನ ಹೆಸರಿನ ಪಾತ್ರೆಯೇ ಇದಕ್ಕೆ ಎವಿಡೆನ್ಸು. ಬಾಗಿಲ ಬೀಗ ತೆಗೆಯತಕ್ಕದ್ದು.

ಚಕ್ರೇಶ್ವರಿ ರೊಟ್ಟಿ ತಟ್ಟುತ್ತಿದ್ದ ಕೈಯನ್ನು ನಿಲ್ಲಿಸಿ ಎಲ್ಲವನ್ನೂ ಕೇಳಿದಳು.

"ಯಾರು ಸೇದುತ್ತ ಬಂದಿರೋದು?"

"ನಾನು. ವಾದಿ ಅಂದ್ರೆ ನಾನು ತಾನೆ."

"ಹೂಂ," ಎಂದಳು. "ಮೈದುನ ಅಪೀಲು ಹೋಗಬಹುದಾ?"

"ಹೋದ್ರೂ ಹೋದ. ಗಡುವು ಮುಗಿಯೋ ತನಕ ಹುಷಾರಾಗಿರಿ ಅಂದಿದ್ದಾರೆ ಗಂಗಾಧರಯ್ಯ."

ಮಾರನೆಯ ಬೆಳಿಗ್ಗೆ ನೇಮಿರಾಜಯ್ಯನವರು ಸ್ನಾನಕ್ಕೆಂದು ಬಚ್ಚಲಿಗೆ ಹೋದರೆ ಹಂಡೆ ಖಾಲಿ. ಹೊರಗೆ ಬಂದರೆ ಬಾಗಿಲ ಮುಂದೆ ಬಿಂದಿಗೆ, ಅದರ ಮೇಲೆ ಸುತ್ತಿಟ್ಟ ಹಗ್ಗ.

"ಇದೇನೇ ಇದು?"

"ನೀವು ಸೇದ್ತೀರ ಅಂತ ಕೋರ್ಟು ಬರೆದುಕೊಟ್ಟಿದೆ," ಎಂದಳು ಚಕ್ರೇಶ್ವರಿ, ಒಲೆ ಊದುತ್ತ. "ಅಪೀಲಿನಲ್ಲಿ ಇನ್ನೊಬ್ಬ ಕಮಿಷನರು ಬಂದು ನೋಡಿ, ಅಲ್ಲಿ ನಾನಿದ್ರೆ? ಮುನ್ಸೀಫರ ಮಾತು ಸುಳ್ಳಾಗಲ್ವ? ಹುಷಾರಾಗಿರಿ ಅಂದಿದ್ದಾರಲ್ಲ."

ನೇಮಿರಾಜಯ್ಯನವರು ಅವಳ ಮುಖವನ್ನು ನೋಡಿದರು. ಬಹಳ ಹೊತ್ತು ನೋಡಿದರು, ತಮಾಷೆಯೋ ಅಲ್ಲವೋ ತಿಳಿಯಲಿಲ್ಲ. ಮಾತಿನಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಕೋರ್ಟಿನ ಭಯ ದೊಡ್ಡದು. ಬಿಂದಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದರು.

ಮೊದಲ ಸಲ ಬಿಟ್ಟ ಬಿಂದಿಗೆ ಗೋಡೆಗೆ ಬಡಿದು ನೆಗ್ಗಿತು. ಎರಡನೆಯ ಸಲ ಅರ್ಧ ತುಂಬಿ ಬಂತು. ಮೂರನೆಯದು ಮೇಲೆ ಬರುವಷ್ಟರಲ್ಲಿ ಅಂಗೈ ಕೆಂಪಗಾಗಿತ್ತು, ಮತ್ತು ಬೀದಿಯೆಲ್ಲ ನೆರೆದಿತ್ತು. ಬಸದಿಗೆ ಹೊರಟವರು ಓಣಿಯ ಬಾಯಲ್ಲಿ ನಿಂತರು. ಪಂಚಾಕ್ಷರಯ್ಯ ಮೇಷ್ಟ್ರು ಗೋಡೆಯ ಮೇಲಿಂದ ಕತ್ತು ಉದ್ದ ಮಾಡಿ ನೋಡಿದರು. ಇನ್ನೊಬ್ಬರ ಹಿತ್ತಲು ಎಂಬುದು ಆ ದಿನ ಯಾರ ಮರ್ಯಾದೆಗೂ ಅಡ್ಡ ಬರಲಿಲ್ಲ.

ಮಧ್ಯಾಹ್ನದೊಳಗೆ ಮಾತು ಕೆರೆಯ ದಾರಿಯ ತನಕ ಹರಡಿತ್ತು: ಹೆಂಡತಿಗೆ ಮೊಣಕಾಲು ನೋವೆಂದು ನೇಮಿರಾಜಯ್ಯನವರು ಸ್ವತಃ ನೀರು ಸೇದುತ್ತಾರಂತೆ, ಎಂಥ ದೊಡ್ಡ ಮನಸ್ಸು, ಅಂಥ ಗಂಡ ಸಿಕ್ಕಲು ಪುಣ್ಯ ಮಾಡಿರಬೇಕು.

ಬಸವಲಿಂಗಮ್ಮ ಗೋಡೆಯ ಹತ್ತಿರ ಬಂದಳು. "ನಮ್ಮನೆಯೋರೂ ಕಣ್ಣಾರೆ ಕಂಡ್ರಂತೆ ಕಣವ್ವ. ಈಗ ಕರುದ್ರೆ ಬಂದು ಸಾಕ್ಷಿ ಹೇಳ್ತಾರಂತೆ!"

ಅಪೀಲಿನ ಗಡುವು ಮುಗಿದ ಬೆಳಿಗ್ಗೆ ನೇಮಿರಾಜಯ್ಯನವರು ಹಗ್ಗ ಕೆಳಗಿಟ್ಟು, "ಅಬ್ಬ, ರುಜುವಾಯ್ತಲ್ಲ" ಎಂದರು. ಆಮೇಲೆ ಅವರು ಬಾವಿಯ ಕಡೆ ಹೋಗಲಿಲ್ಲ, ಆದರೆ ಯುದ್ಧದ ವರ್ಷಗಳೆಲ್ಲ ಕಳೆದು ಅವರು ತೀರಿಕೊಂಡಾಗಲೂ ಬೀದಿ ನೆನೆಸಿಕೊಂಡದ್ದು ಹೆಂಡತಿಗೆ ನೀರು ಸೇದಿಕೊಟ್ಟ ಮಹಾನುಭಾವ ಎಂದೇ.

ಅವರು ಹಗ್ಗ ಇಟ್ಟ ಆ ಬೆಳಿಗ್ಗೆಯೇ ಚಕ್ರೇಶ್ವರಿ ಬಾಗಿಲು ದಾಟಿ ಕಟ್ಟೆ ಹತ್ತಿದಳು. ಅನಂತಮತಿ ಆಗಲೇ ಬಂದು ನಿಂತಿದ್ದಳು. ಮೊಣಕಾಲಿನ ಸಲುವಾಗಿ ಇಬ್ಬರೂ ಹಗ್ಗಕ್ಕೆ ಕೈ ಹಾಕಿ ಸೇದಿದರು. ಸೋಸಿದರು. ತಿಕ್ಕಿ ಬೆಳಗಿದ ಚಂಬಿನಲ್ಲಿ ನೇಮಿರಾಜಯ್ಯನವರ ಹೆಸರು ಬಿಸಿಲಿಗೆ ಹೊಳೆಯುತ್ತಿತ್ತು. ಚಕ್ರೇಶ್ವರಿ ಅದನ್ನು ಕೊಕ್ಕೆಯಿಂದ ತೆಗೆದು, ಜಾಲಿಸಿದ ನೀರು ಹಿಡಿದು, ಮೆಲ್ಲಗೆ ಇಳಿಬಿಡತೊಡಗಿದಳು.

ಅನಂತಮತಿ ಓಣಿಯ ಕಡೆ ನೋಡಿದಳು. ಗೋಡೆಯ ಮೇಲೆ ನೋಡಿದಳು. ಯಾರೂ ಇರಲಿಲ್ಲ.

"ಅಕ್ಕ, ಇವತ್ತು ನೋಡೋಕೆ ಒಬ್ಬರೂ ಇಲ್ವಲ್ಲ!"

"ಕೆಳಗಿರೋವು ನೋಡ್ತವೆ ಬಿಡು," ಎಂದು ಚಕ್ರೇಶ್ವರಿ ತಳದ ದಾರ ಎಳೆದಳು.